ಹೋಳಿಗೆ ಪ್ಲೇಟು ಒಡೆದ ಮೇಲೆ

ಹುಕ್ಕೇರಿಯ ಬಟ್ಟೆ ವ್ಯಾಪಾರಿ ಗುರುಲಿಂಗಪ್ಪನವರ ಹತ್ತಿರ ಒಂದು ಗ್ರಾಮಫೋನ್ ಇತ್ತು. ಮದುವೆ, ಕುಬಸ ಇದ್ದ ಮನೆಯವರು ಕರೆದರೆ ಒಯ್ದು ಕೇಳಿಸುತ್ತಿದ್ದರು. ಅವರಿಗೆ ಅದು ಅರ್ಧ ಶೋಕಿ, ಅರ್ಧ ಉದ್ಯೋಗ. ಪೆಟ್ಟಿಗೆ ಹೊರುವವನು ಯಲ್ಲಾರಿ. ಮೂವತ್ತು ದಾಟಿದ, ಗಟ್ಟಿ ಕುತ್ತಿಗೆಯ ಆಳು. ಸುಗ್ಗಿಯಲ್ಲಿ ಕೂಲಿ, ಉಳಿದ ದಿನ ಈ ಕೆಲಸ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಆದರೂ ಯಲ್ಲಾರಿಯ ಕೇರಿಯವರು ದೊಡ್ಡ ಮನೆಗಳ ಕಟ್ಟೆ ಹತ್ತುತ್ತಿರಲಿಲ್ಲ. ಪೆಟ್ಟಿಗೆಯನ್ನು ಕಟ್ಟೆಯ ಅಂಚಿಗೆ ಇಳಿಸಿ ಅವನು ಕೆಳಗೆ ಅಂಗಳದಲ್ಲಿ ಕೂತುಬಿಡುತ್ತಿದ್ದ. ಪೆಟ್ಟಿಗೆಗೆ ಮಾತ್ರ ಮೇಲೆ ಹೋಗಲು ಅಡ್ಡಿ ಇರಲಿಲ್ಲ. ಕೆಲವು ಮನೆಗಳಲ್ಲಿ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದರು, ಅಷ್ಟೇ.

ಪ್ಲೇಟುಗಳಲ್ಲಿ ಹೆಚ್ಚಿನವು ದೇವರ ಪದ, ನಾಟಕದ ಹಾಡು. ಆದರೆ ಜನ ಕೇಳಿ ಹಾಕಿಸುತ್ತಿದ್ದುದು ಒಂದು ನಗೆಪದ್ಯವನ್ನು.

ಉಗಾದಿ ಹಬ್ಬಕ ಅಳಿಯಾ ಬಂದಾ,
ಪಂಚಮಿ ಮುಗಿಸೇ ಹೋಗ್ತೀನಿ ಅಂದಾ.
ಸಾಕೇನಪ್ಪಾ ಅಂದರ ಅತ್ತಿ
ತಾಟು ಹಿಡಿದಾನ ಮುಂದಕ ಎತ್ತಿ:
ಇನ್ನೊಂದು ಹೋಳಿಗಿ!

ಸವೆದ ಪ್ಲೇಟು. ಸೂಜಿ ಸರಿಯಾಗಿ ಅಲ್ಲೇ ಸಿಕ್ಕಿಬೀಳುತ್ತಿತ್ತು. ‘ಇನ್ನೊಂದು ಹೋಳಿಗಿ, ಇನ್ನೊಂದು ಹೋಳಿಗಿ’ ಎಂದು ಅಳಿಯ ಬೇಡುತ್ತಲೇ ಇರುತ್ತಿದ್ದ. ಗುರುಲಿಂಗಪ್ಪನವರು ಸೂಜಿ ಎತ್ತಿ ಮುಂದೆ ಇಡುವ ತನಕ ಅವನ ಹೊಟ್ಟೆ ತುಂಬುತ್ತಿರಲಿಲ್ಲ. ಜನ ನಗುತ್ತಿದ್ದುದೂ ಅಲ್ಲೇ. ಯಲ್ಲಾರಿ ಅದನ್ನು ಎಷ್ಟು ಸಲ ಕೇಳಿದ್ದನೆಂದರೆ, ಪೆಟ್ಟಿಗೆ ಹೊತ್ತು ನಡೆಯುವಾಗ ಹೆಜ್ಜೆಗೆ ಸರಿಯಾಗಿ ಅದೇ ಪದ್ಯ ಬಾಯಿಗೆ ಬರುತ್ತಿತ್ತು.

ಕಣಗಲಾ ಊರಿನ ರಾವಸಾಹೇಬ ಗೌಡರ ಮಗಳ ಮದುವೆಗೆ ಬಸ್ಸಿನಲ್ಲಿ ಹೊರಟಿದ್ದ ದಿನ ಎಡವಟ್ಟಾಯಿತು. ತಿರುವಿನಲ್ಲಿ ಎಮ್ಮೆ ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದ. ಹಿಂದಿನವರು ಒಟ್ಟಿದ್ದ ಬೆಲ್ಲದ ಪೆಂಟೆ ಜಾರಿ ಪ್ಲೇಟಿನ ಚೀಲದ ಮೇಲೆ ಬಿತ್ತು. ಇಳಿದು ನೋಡಿದರೆ ಉಳಿದವೆಲ್ಲ ನೆಟ್ಟಗಿದ್ದವು. ಹೋಳಿಗೆ ಪ್ಲೇಟು ಮಾತ್ರ ಮೂರು ಚೂರು.

‘ಮೂಡಲಗಿ ಕಡೆಯಿಂದ ಬಂದ ಬೀಗರು ಅದನ್ನ ಕೇಳಾಕ ಕುಂತಾರಂತ. ಇನ್ನ ಗೌಡ್ರಿಗೆ ಏನ್ ಮಾರಿ ತೋರಸ್ಲಿ?’ ಎಂದು ಗುರುಲಿಂಗಪ್ಪನವರು ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ಕೂತರು.

‘ನನ್ನ ಬಾಯಾಗ ಐತ್ರಿ ಸಾವ್ಕಾರ್ರ,’ ಎಂದ ಯಲ್ಲಾರಿ. ‘ನೀವು ಮಷೀನ್ ತಿರಗಸ್ರಿ. ನಾ ಕೆಳಗ ಕುಂತು ಹೇಳ್ತೀನಿ.’

ಬೇರೆ ದಾರಿ ಇರಲಿಲ್ಲ. ಊಟವಾದ ಮೇಲೆ ಬೀಗರೆಲ್ಲ ಕಟ್ಟೆಯ ಮೇಲೆ ಸೇರಿದರು. ಗುರುಲಿಂಗಪ್ಪನವರು ಮಷೀನನ್ನು ಅಂಚಿಗೆ ಇಟ್ಟು, ಯಾವುದೋ ಪ್ಲೇಟು ಹಾಕಿ, ಸೂಜಿ ತಾಗದಂತೆ ಹಿಡಿದುಕೊಂಡರು. ಕಟ್ಟೆಯ ಗೋಡೆಗೆ ಬೆನ್ನು ಕೊಟ್ಟು ಕೂತ ಯಲ್ಲಾರಿ ಮೂಗಿನಲ್ಲಿ ದನಿ ತೆಗೆದ. ಮೊದಲು ಪ್ಲೇಟಿನ ಕರಕರ ಸದ್ದು, ಆಮೇಲೆ ಪದ್ಯ. ಒಬ್ಬರಿಗೂ ಸಂಶಯ ಬರಲಿಲ್ಲ.

ಹೋಳಿಗೆಯ ಜಾಗ ಬಂತು. ಯಲ್ಲಾರಿ ವಾಡಿಕೆಯಂತೆ ಸಿಕ್ಕಿಬಿದ್ದ. ಸೂಜಿ ಎತ್ತಿದಂತೆ ಮಾಡಬೇಕಾದ ಗುರುಲಿಂಗಪ್ಪನವರು ಹೆದರಿಕೆಯಲ್ಲಿ ಅದನ್ನೇ ಮರೆತರು. ‘ಇನ್ನೊಂದು ಹೋಳಿಗಿ’ ನಿಲ್ಲಲೇ ಇಲ್ಲ. ಬೀಗರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಮದುಮಗ ಬಾಸಿಂಗ ಸರಿಸಿ ಕಣ್ಣೊರೆಸಿಕೊಂಡ. ಕೆಳಗೆ ಯಲ್ಲಾರಿಗೆ ಉಸಿರು ಮುಗಿಯುತ್ತ ಬಂದು, ಕೊನೆಯ ಹೋಳಿಗೆಗೆ ಜೋರಾಗಿ ಕೆಮ್ಮು ಬಂತು.

ಪ್ಲೇಟು ಕೆಮ್ಮುವುದನ್ನು ಯಾರೂ ಕೇಳಿರಲಿಲ್ಲ. ಗೌಡರ ಮುದುಕಿ ತಾಯಿ ಕಾಶೆವ್ವ ಎದ್ದು ಬಂದು ಕಟ್ಟೆಯ ಕೆಳಗೆ ಬಗ್ಗಿ ನೋಡಿದಳು.

‘ಏ ರಾವಸಾಹೇಬ, ಪ್ಲೇಟ್ ಇಲ್ಲಿ ಕುಂತೈತಿ ನೋಡೋ!’

ನಗು ತಟ್ಟನೆ ನಿಂತಿತು. ಯಲ್ಲಾರಿ ಎದ್ದು ನಿಂತ. ಬೈಗಳು ಬಂದಾವು, ಏಟೂ ಬಿದ್ದೀತು ಎಂದುಕೊಂಡ. ಗುರುಲಿಂಗಪ್ಪನವರು ಬಸ್ಸು, ಎಮ್ಮೆ, ಬೆಲ್ಲ ಎಂದು ತಡವರಿಸಿದರು. ಅಷ್ಟರಲ್ಲಿ ಮದುಮಗನೇ ಕೇಳಿದ: ‘ಇನ್ನೊಮ್ಮಿ ಹೇಳ್ತಾನೇನ್ ಕೇಳ್ರಿ.’

ಗೌಡರು ಯಲ್ಲಾರಿಯ ಕಡೆ ನೋಡಿದರು. ‘ಹೇಳ್ತಿ ಏನೋ?’

‘ಹೇಳ್ತೀನ್ರಿ ಗೌಡ್ರ. ಆದ್ರ ಕೆಳಗಿಂದ ದನಿ ಏರವಲ್ದ್ರಿ. ಕೆಮ್ಮು ಬರ್ತೈತಿ.’

ಹಟ ಮಾಡಬೇಕೆಂದು ಅವನು ಅಂದದ್ದಲ್ಲ, ಗಂಟಲು ನಿಜಕ್ಕೂ ಒಣಗಿತ್ತು. ಆದರೆ ಆ ಮಾತಿನ ಅರ್ಥ ಎಲ್ಲರಿಗೂ ಆಯಿತು, ಒಂದು ಗಳಿಗೆ ತಡವಾಗಿ ಅವನಿಗೂ ಆಯಿತು. ಗೌಡರು ಮೀಸೆಯ ಮೇಲೆ ಕೈಯಾಡಿಸುತ್ತ ಬೀಗರ ಕಡೆ ನೋಡಿದರು. ಬೀಗರು ಕಾಯುತ್ತಿದ್ದರು.

‘ನೀರು ಕುಡಿದು ಮ್ಯಾಲ ಬಾ,’ ಎಂದರು ಕೊನೆಗೆ.

ಇಬ್ಬರು ಹಿರಿಯರು ಮೇಲುವಸ್ತ್ರ ಝಾಡಿಸಿ ಎದ್ದು ಹೋದರು. ಉಳಿದವರು ಕೂತರು. ಯಲ್ಲಾರಿ ಕಟ್ಟೆಯ ಅಂಚಿನಲ್ಲಿ, ಮಷೀನಿನ ಪಕ್ಕದಲ್ಲೇ ಕೂತು ಪದ್ಯ ಹೇಳಿದ. ಮುಖ ಕಾಣುತ್ತಿದ್ದುದರಿಂದ ಈ ಸಲ ಅಳಿಯನ ಕಣ್ಣು, ಅತ್ತೆಯ ತುಟಿ ಎಲ್ಲ ಬಂದವು. ಹಿಂದಿರುಗುವಾಗ ಕಾಶೆವ್ವ ಹೋಳಿಗೆಯ ಗಂಟು ಕೊಟ್ಟಳು. ಮೇಲಿನಿಂದಲೇ, ಅವನ ಕೈಗೆ ಕೈ ತಾಕದಂತೆ ಬಿಟ್ಟಳು. ಯಲ್ಲಾರಿ ಅದನ್ನು ಕಂಡ, ಗಂಟನ್ನು ಹೆಗಲಿಗೆ ಹಾಕಿಕೊಂಡ.

ಸುದ್ದಿ ಬಸ್ಸಿಗಿಂತ ಮುಂಚೆ ಊರು ಮುಟ್ಟಿತು. ಅಂದಿನಿಂದ ಮಷೀನಿನ ಜೊತೆಗೆ ಯಲ್ಲಾರಿಯನ್ನೂ ಕರೆಯತೊಡಗಿದರು, ಬರಬರುತ್ತ ಅವನೊಬ್ಬನನ್ನೇ. ‘ಮ್ಯಾಲ ಕುಂದರಸ್ತೀರೇನ್ರಿ?’ ಎಂದು ಅವನು ಮೊದಲೇ ಕೇಳಿಬಿಡುತ್ತಿದ್ದ. ಇಲ್ಲವೆಂದವರ ಮನೆಗೆ ಗುರುಲಿಂಗಪ್ಪನವರು ಬೇರೆ ಆಳನ್ನು ಕರೆದುಕೊಂಡು ಹೋಗಬೇಕಾಯಿತು. ಅವರಿಗೆ ಸ್ವಲ್ಪ ಸಿಟ್ಟು ಬಂತು, ಆದರೆ ಯಲ್ಲಾರಿಯ ಜೊತೆ ಮಾತು ಬಿಡಲಿಲ್ಲ.

ಆ ಪದ್ಯಕ್ಕೆ ನಗದವಳು ಯಲ್ಲಾರಿಯ ಹೆಂಡತಿ ಸತ್ತೆವ್ವ ಒಬ್ಬಳೇ. ‘ಅಂಥಾ ಅಳಿಯ ನಮ್ಮನಿಗೆ ಬಂದ್ರ ಏನ್ ನೀಡ್ತಿದ್ದಿ?’ ಎಂದಳು ರೊಟ್ಟಿ ಬಡಿಯುತ್ತ.

ಆ ಮಾತು ಯಲ್ಲಾರಿಯ ತಲೆಯಲ್ಲಿ ಕೂತಿತು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವಾಗ ತಾನೇ ಒಂದು ಪದ್ಯ ಕಟ್ಟಿದ. ಓದು ಬರಹ ಇಲ್ಲದ್ದರಿಂದ ಮರೆಯದಂತೆ ಸಾಲುಸಾಲಾಗಿ ಗುನುಗಿಕೊಂಡ. ನಾಗನೂರಿನಲ್ಲಿ ಹೆಂಡತಿಯ ತವರಿಗೆ ಹೋದಾಗ, ಕೇರಿಯ ಬೇವಿನ ಮರದ ಕೆಳಗೆ ಮೊದಲ ಸಲ ಹೇಳಿದ.

ಬಡವರ ಮನಿಗೂ ಅಳಿಯಾ ಬಂದಾ,
ಒಲಿ ನೋಡಿ ಉಂಡೇ ಬಂದೇನಿ ಅಂದಾ.
ಹೊಟ್ಟಿ ಗುಡುಗಿದ್ದು ಕೇಳಿ ಅತ್ತಿ
ಮಳಿ ಬಂತಂತ ಕುಳ್ಳ ತಂದಾಳ ಎತ್ತಿ!

ಬೆರಣಿ ತೊಯ್ದೀತೆಂದು ಓಡಿದ ಅತ್ತೆಗೆ ಕೇರಿಯೇ ಬಿದ್ದು ಬಿದ್ದು ನಕ್ಕಿತು. ಸತ್ತೆವ್ವ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಅತ್ತೆ ಕಾಡವ್ವ ಮಾತ್ರ ‘ನಂದ ಮರ್ಯಾದಿ ಕಳೀತಾನ’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಹೊತ್ತು ಅಳಿಯನಿಗೆ ನೀರು ಸಹ ಕೊಡಲಿಲ್ಲ.

ಮರುದಿನ ಗೋಕಾಕದಿಂದ ಅವಳ ತಂಗಿ ಉದ್ದವ್ವ ಬಂದಳು. ಚಹಾ ಕುಡಿದು ಮುಗಿಸುವ ಮುಂಚೆಯೇ ಕಾಡವ್ವ ಹೊಲದತ್ತ ಹೊರಟಿದ್ದ ಅಳಿಯನನ್ನು ಕೂಗಿ ಕರೆದಳು.

‘ಯಲ್ಲಾರಿ, ಬಾರಪ್ಪಾ ಇಲ್ಲಿ. ನನ್ನ ಪದಾ ಇಕಿಗೂ ಒಂದೀಟ ಹೇಳು.’