ನರ್ಸಮ್ಮನಿಗೂ ಪುರುಡು

ತುಮಕೂರು ಬಸ್ ಸ್ಟ್ಯಾಂಡಲ್ಲಿ ಕೂತು ಬರೀತಿದೀನಿ. ಅಮೃತೂರಿನ ಬಸ್ಸು ಇನ್ನೂ ಬಂದಿಲ್ಲ.

ಡೆನ್ಮಾರ್ಕಿಂದ ಬಂದು ನಮ್ಮೂರಲ್ಲಿ ನರ್ಸ್ ಕೆಲಸ ಮಾಡೋ ಕರೀನ ನಮ್ಮನೇಲೇ ಬಾಡಿಗೆಗೆ ಇರೋದು. ಈ ದೇಶದಲ್ಲಿರೋಕೆ ಅವಳಿಗಿದ್ದ ಪರ್ಮಿಟ್ಟು ನಿನ್ನೆಗೆ ಮುಗೀತು. ನಿನ್ನೆಯೇ ಇಲ್ಲಿನ ಪೊಲೀಸ್ ಆಫೀಸಿಗೆ ಬಂದು ಸೀಲು ಹಾಕಿಸ್ಕೋಬೇಕಿತ್ತು. ನನ್ನ ಸೊಸೆಗೆ ನೋವು ಬಂತು ಅಂತ ಬಸ್ಸು ಬಿಟ್ಟು, ಹೆರಿಗೆ ಮಾಡಿಸಿದಳು. ಇವತ್ತು ಸಾಕ್ಷಿಗೆ ಅಂತ ನಾನೂ ಜೊತೇಲಿ ಬಂದೆ.

ಸಾಹೇಬರು ಒಳಗೆ ಕರೆದರೆ ಹುಡುಗಿ ಕಾಗದಾನ ಹೊಸ್ತಿಲ ಮೇಲಿಟ್ಟು ಆಚೇನೇ ನಿಂತಳು.

"ಲೇಟಾಗಿ ಬಂದಿದ್ದಲ್ದೆ ದೌಲತ್ತು ಬೇರೆ. ನಿಮ್ಮ ದೇಶಕ್ಕೆ ಹಡಗು ಹತ್ತಿಸ್ತೀನಿ ನೋಡು."

"ಮನೇಲಿ ಮಗು ಹುಟ್ಟಿದೆ ಸಾರ್. ಪುರುಡು. ಹನ್ನೊಂದು ದಿನ ಯಾರನ್ನೂ ಮುಟ್ಟಂಗಿಲ್ಲ."

ಬಸ್ಸಲ್ಲಿ ಊರೋರನ್ನೆಲ್ಲ ಮುಟ್ಕೊಂಡೇ ಬಂದಿದ್ವಿ. ಆದ್ರೂ ನಾನೂ ಹೊಸ್ತಿಲಾಚೆ ಅವಳ ಪಕ್ಕ ಹೋಗಿ ನಿಂತೆ.

"ಪುರುಡು ಇದ್ರೆ ಈ ಅಜ್ಜಿಗೆ. ಬಾಡಿಗೆಗಿರೋಳು, ನಿನಗ್ಯಾಕಮ್ಮ?" ಅಂದರು ಸಾಹೇಬರು.

ಅವಳು ನನ್ನ ಮುಖ ನೋಡಿದಳು. ಬಾಡಿಗೆಗಿರೋರಿಗೂ ಪುರುಡು ಇರುತ್ತಾ ಅಂತ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

"ನಮ್ಮನೇಲಿ ಉಣ್ಣೋರಿಗೆಲ್ಲ ಪುರುಡೈತೆ, ಬುದ್ದಿ," ಅಂದೆ.

ಸಾಹೇಬರು ಪೇದೆ ಕೈಲಿ ಕಾಗದ ತರಿಸಿ, ನೋಡಿ, ಸೀಲು ಒತ್ತಿದರು. ಪೇದೆ ಅದನ್ನ ಕರೀನಳ ಕೈಗೆ ಕೊಡೋಕೆ ಹೋದ.

"ಕೈಗೆ ಕೊಡ್ಬೇಡ್ವೋ," ಸಾಹೇಬರು ಗದರಿದರು. "ಕೆಳಗಿಡು. ಅವರಿಗೆ ಪುರುಡು."