ಗೋಡೆ ಸುಲಿಯುವವಳು

ಮನೆಯವರ ಬಾಯಲ್ಲಿ ಅವಳ ಹೆಸರು ಚಿಂದಿ. ಚಿಕ್ಕವಳಿದ್ದಾಗ ದರ್ಜಿ ಎಸೆದ ಬಟ್ಟೆಚೂರು, ತುಕ್ಕು ಹಿಡಿದ ತಗಡು, ಹರಿದ ಪೋಸ್ಟರು, ಏನು ಸಿಕ್ಕರೂ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳೆಂದು ಅಣ್ಣ ಇಟ್ಟ ಹೆಸರು. ದೊಡ್ಡವಳಾಗಿ ಚಿತ್ರಗಾರ್ತಿಯಾದ ಮೇಲೂ ಹೆಸರು ಹೋಗಲಿಲ್ಲ, ಚಾಳಿಯೂ ಹೋಗಲಿಲ್ಲ.

ಬಣ್ಣ, ಕುಂಚ ಅವಳಿಗೆ ಕೊನೆಗೆ ಬೇಕಾಗುವ ಸಾಮಾನು. ಮೊದಲು ಬೇಕಾದದ್ದು ಗೋಡೆ. ಕೆಡವಲಿರುವ ಮನೆಗಳನ್ನು ಹುಡುಕಿಕೊಂಡು ಹೋಗಿ, ಗೋಡೆಗೆ ಬಿಸಿ ಅಂಟು ಬಳಿದು, ಮೇಲೆ ತೆಳು ಬಟ್ಟೆ ಒತ್ತಿ ಒಣಗಲು ಬಿಡುತ್ತಿದ್ದಳು. ಅಂಟು ಒಣಗಿ ಬಿಗಿದ ಮೇಲೆ ಅಂಚು ಹಿಡಿದು ಎಳೆದರೆ ಹಳೆಯ ಸುಣ್ಣ, ಬಣ್ಣ, ಒಲೆಯ ಮಸಿ ಎಲ್ಲವೂ ಚರ್ಮದ ಹಾಗೆ ಎದ್ದು ಬರುತ್ತಿತ್ತು. ಅದನ್ನು ಹಲಗೆಗೆ ಅಂಟಿಸಿ, ಮೇಲೆ ದಾರದ ಹೊಲಿಗೆ, ಮರಳು, ತಗಡಿನ ಚೂರು, ಆಮೇಲೆ ಬಣ್ಣ. ನೋಡುವವರಿಗೆ ಒಮ್ಮೆ ಕಿಟಕಿಯೆನಿಸಿದ್ದು ಮತ್ತೊಮ್ಮೆ ಬರೀ ಮಸಿಯ ಕಲೆಯೆನಿಸುತ್ತಿತ್ತು. “ಏನಿದು?” ಎಂದು ಯಾರಾದರೂ ಕೇಳಿದರೆ, “ಯಾರೋ ಬದುಕಿದ್ದ ಜಾಗ” ಎನ್ನುತ್ತಿದ್ದಳು.

ಅಂಥವಳ ತವರಿಗೇ ಸರದಿ ಬಂತು. ಗಿರಣಿಯ ಹಳೆಯ ಕ್ವಾರ್ಟರ್ಸ್ ಸಾಲನ್ನು ಉರುಳಿಸುತ್ತಾರೆಂದು ಕಿವಿಗೆ ಬಿದ್ದದ್ದೇ ತಡ, ಸ್ಟವ್, ಅಂಟಿನ ಡಬ್ಬಿ, ಬಟ್ಟೆಯ ಸುರುಳಿ ಹೊತ್ತುಕೊಂಡು ಬೆಳಗ್ಗೆಯೇ ಓಡಿಬಂದಳು. ಅಲ್ಲಿನ ಹಿಂದಿನ ಕೋಣೆಯಲ್ಲಿ ಅಮ್ಮ ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿ ಪ್ರಾಣ ಬಿಟ್ಟಿದ್ದಳು. ಮಂಚದ ಪಕ್ಕದ ಗೋಡೆಯಲ್ಲಿ, ಎಣ್ಣೆ ಹೀರಿ ಕಪ್ಪಾದ ತಲೆಯಗಲದ ಒಂದು ಗುರುತು. ಅಮ್ಮ ಹೋದ ದಿನ ಅದನ್ನು ಕಂಡವಳಿಗೆ ಆಮೇಲೆ ಕಣ್ಣು ಮುಚ್ಚಿದರೂ ಅದೇ.

ಅಂಟು ಬಳಿದು ಬಟ್ಟೆ ಒತ್ತಿದಳು. ಮೋಡ ಕವಿದಿತ್ತು, ಮನೆಗೆ ಕರೆಂಟು ಕಡಿದಿದ್ದರು. ಬಟ್ಟೆ ಒಣಗಲೊಲ್ಲದು. ಬೀದಿಯಲ್ಲಿ ಬುಲ್ಡೋಜರ್ ಆಗಲೇ ಗುರುಗುಡುತ್ತಿತ್ತು. ಪಕ್ಕದ ಮನೆಯ ಮುಂಗೋಡೆ ಬಿದ್ದಾಗ ಕಾಲಡಿಯ ನೆಲ ಅದುರಿತು. ಅವಳು ರಟ್ಟಿನ ತುಂಡಿನಿಂದ ಬೀಸತೊಡಗಿದಳು.

ಕಿಟಕಿಯ ಚೌಕಟ್ಟು ಕಿತ್ತುಕೊಳ್ಳಲು ಬಂದ ಅಣ್ಣ ಬಾಗಿಲಲ್ಲೇ ನಿಂತ. ಗಿರಣಿಯ ಫಿಟ್ಟರ್ ಅವನು; ಮಾತು ಕಡಿಮೆ, ಆಡಿದರೆ ಸುತ್ತಿಗೆಯೇಟು. ಹಿಂದೆ ಅತ್ತಿಗೆ.

“ಏನು ಮಾಡ್ತಿದೀಯೇ?”

“ಅಮ್ಮನ ಗುರುತು ಅಣ್ಣಾ. ಮಣ್ಣುಪಾಲಾಗೋ ಮೊದಲು...”

“ಅಮ್ಮ ಉಸಿರಾಡ್ತಿದ್ದಾಗ ನಿನ್ನ ಸುಳಿವಿಲ್ಲ. ಹಬ್ಬಕ್ಕೆ ಬರೋ ನೆಂಟರ ಹಾಗೆ ಬಂದು ಮುಖ ತೋರಿಸಿ ಹೋದೆ. ಈಗ ಅವಳ ಗೋಡೆ ಸುಲಿದು ಊರವರಿಗೆ ತೋರಿಸ್ತೀಯಾ?”

ಆ ಮಾತು ಸುಳ್ಳಾಗಿದ್ದರೆ ಅವಳು ಜಗಳವಾಡಬಹುದಿತ್ತು. ಅಣ್ಣ ದಾಪುಗಾಲಿಟ್ಟು ಬಂದು ಒದ್ದೆ ಬಟ್ಟೆಯ ಮೂಲೆಗೆ ಕೈ ಹಾಕಿದ. ಅವಳು ಗೋಡೆಗೇ ಬೆನ್ನು ಕೊಟ್ಟು ನಿಂತಳು.

“ಮುಟ್ಟಬೇಡ ಅಣ್ಣಾ. ನಿನ್ನ ದಮ್ಮಯ್ಯ.”

“ಸರಿ ಆಕಡೆ!”

“ಬಿಡ್ರೀ ಅವಳನ್ನ.” ಅತ್ತಿಗೆ ಗಂಡನ ಮಣಿಕಟ್ಟು ಹಿಡಿದಿದ್ದಳು. ಆ ಮನೆಯಲ್ಲಿ ಅವಳ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ, ಈಗಲೂ ಏರಲಿಲ್ಲ. “ಅದು ಅತ್ತೆಯ ಗುರುತಲ್ಲ. ಅತ್ತೆ ಕೊನೆಕೊನೆಗೆ ಎದ್ದು ಕೂತಿದ್ದೇ ಇಲ್ಲ, ಅವರ ತಲೆ ಅಷ್ಟೆತ್ತರಕ್ಕೆ ಹೋಗೋದು ಹೇಗೆ? ಅಲ್ಲಿ ಸ್ಟೂಲ್ ಹಾಕ್ಕೊಂಡು ಕೂರ್ತಿದ್ದವಳು ನಾನು. ಒರಗಿ ಒರಗಿ, ಕೂತಲ್ಲೇ ನಿದ್ದೆ ಹೋಗಿ, ನನ್ನ ತಲೆ ಎಣ್ಣೆ ಗೋಡೆಗೆ ಇಳಿದಿದೆ.”

ಅಣ್ಣನ ಕೈ ತಾನಾಗಿ ಕೆಳಗಿಳಿಯಿತು. ಚಿಂದಿ ತಿರುಗಿ ಗೋಡೆ ನೋಡಿದಳು. ಎಷ್ಟೋ ಮನೆಗಳ ಗೋಡೆ ಓದಿದ್ದೇನೆಂದು ಬೀಗುತ್ತಿದ್ದವಳಿಗೆ ಸ್ವಂತ ಮನೆಯ ಗೋಡೆ ಓದಲು ಬಂದಿರಲಿಲ್ಲ.

“ಹಾಗಾದರೆ ನೀವು ಹೇಳಿ ಅತ್ತಿಗೆ. ಬಿಡಲಾ, ತೆಗೀಲಾ?”

ಹೊರಗಿನಿಂದ ಡ್ರೈವರ್ ಕೂಗಿದ: “ಯಾರಮ್ಮಾ ಒಳಗೆ? ನಿಮ್ಮ ಜೀವಕ್ಕೆ ನಾನು ಜವಾಬ್ದಾರನಲ್ಲ!”

ಅತ್ತಿಗೆ ರಟ್ಟು ಎತ್ತಿಕೊಂಡು ತಾನೇ ಬೀಸತೊಡಗಿದಳು. “ತೆಗಿ. ಬೇಗ.”

ಅಣ್ಣ ಹೊರಗೆ ಹೋದ. ಸಿಟ್ಟಿನಿಂದ ಹೋದನೆಂದು ಇಬ್ಬರೂ ಅಂದುಕೊಂಡರು. ಆದರೆ ಯಂತ್ರದ ಸದ್ದು ನಿಂತಿತು. ಅಣ್ಣ ಡ್ರೈವರನ ಜೊತೆ ಏರುದನಿಯಲ್ಲಿ ವಾದಿಸುತ್ತಿದ್ದದ್ದು ಕೇಳಿಸಿತು. ಅಂಟು ಪೂರ್ತಿ ಒಣಗಲು ಆ ಹೊತ್ತೂ ಸಾಲಲಿಲ್ಲ. ಎಂಜಿನ್ ಮತ್ತೆ ಮೊರೆಯಿತು, ಸೂರಿನಿಂದ ಮಣ್ಣುದುರಿತು. ಚಿಂದಿ ಉಸಿರು ಬಿಗಿಹಿಡಿದು ಎಳೆದಳು. ಚರ್ರೆಂದು ಬಟ್ಟೆ ಎದ್ದಿತು. ಅರ್ಧ ಗುರುತು ಬಟ್ಟೆಗೆ ಬಂತು, ಅರ್ಧ ಗೋಡೆಯಲ್ಲೇ ಉಳಿಯಿತು. ಅತ್ತಿಗೆ ಅವಳ ರಟ್ಟೆ ಹಿಡಿದು ಹಿತ್ತಲ ಬಾಗಿಲಿಂದ ಹೊರಗೆಳೆದಳು. ಹಿತ್ತಲು ದಾಟುವಷ್ಟರಲ್ಲಿ ಮುಂಗೋಡೆ ಕುಸಿದು ಧೂಳು ಇಬ್ಬರನ್ನೂ ಮುಚ್ಚಿತು.

ಆ ಚಿತ್ರ ಮುಗಿಸಲು ಅವಳು ತಿಂಗಳುಗಟ್ಟಲೆ ಒದ್ದಾಡಿದಳು. ಹರಿದ ಅಂಚನ್ನು ಬಣ್ಣದಿಂದ ಮುಚ್ಚಿದಳು, ಕೆರೆದು ತೆಗೆದಳು, ಮತ್ತೆ ಮುಚ್ಚಿದಳು. ಕೊನೆಗೆ ಹರಿದದ್ದನ್ನು ಹರಿದಂತೆಯೇ ಬಿಟ್ಟು, ಪಕ್ಕದಲ್ಲಿ ಕರಿದಾರದ ಒರಟು ಹೊಲಿಗೆ ಮಾತ್ರ ಹಾಕಿದಳು. ಅಂದಿನಿಂದ, ಗೋಡೆ ಮುಟ್ಟುವ ಮೊದಲು ಅಲ್ಲಿ ಬದುಕಿದವರನ್ನು ಹುಡುಕಿ ಕೇಳುವುದು ಅವಳ ಕೆಲಸದ ಭಾಗವಾಯಿತು. ಕೆಲವರು ಬೇಡವೆಂದರು, ಸುಮ್ಮನೆ ಹಿಂದಿರುಗಿದಳು.

ಪ್ರದರ್ಶನಕ್ಕೆ ಅಣ್ಣ ಬರಲಿಲ್ಲ. ಅತ್ತಿಗೆ ಬಂದಳು, ಒಬ್ಬಳೇ. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಚಿಂದಿ ಹತ್ತಿರ ಬಂದಳು.

“ಇದು ನಿಮ್ಮದು ಅತ್ತಿಗೆ. ಮನೆಗೆ ತಗೊಂಡು ಹೋಗಿ.”

“ಅಯ್ಯೋ, ಬೇಡ ಮಾರಾಯ್ತಿ! ಆ ಗೋಡೆ ನೋಡಿ ನೋಡಿ ಸಾಕಾಗಿದೆ ನಂಗೆ.” ಅತ್ತಿಗೆ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಕೊಡೋದಾದರೆ ಒಂದು ದಿನ ಕೊಡು. ಎಲ್ಲಿಗಾದರೂ ಕರ್ಕೊಂಡು ಹೋಗು. ಬಯಲಿರಬೇಕು, ದೂರದವರೆಗೆ ಕಾಣಬೇಕು” ಎಂದಳು.

ಮರುದಿನ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿದರು. ಅತ್ತಿಗೆ ಕಿಟಕಿಯ ಪಕ್ಕ ಕೂತಳು.