ಗಂಜಿ ಹಾಕಿದ ಡೇರೆಗಳು

೧೯೫೩ರಲ್ಲಿ ನಾನು ಜಮಖಂಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದೆ. ಆಗ ನಮ್ಮ ಊರು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಪುಣೆಯಲ್ಲಿ ತರಬೇತಿ ಮುಗಿಸಿ ಬಂದ ನನಗೆ ಇಪ್ಪತ್ತಾರು ವರ್ಷ. ಕೊರಳಲ್ಲಿ ಸೀಟಿ, ತಲೆ ತುಂಬ ಹುಮ್ಮಸ್ಸು. ಊರವರು ನನ್ನನ್ನು ‘ಡ್ರಿಲ್ ಅಕ್ಕೋರು’ ಎನ್ನುತ್ತಿದ್ದರು. ಸೀರೆಗೆ ಕಚ್ಚೆ ಬಿಗಿದು ಲೇಜಿಮು ಆಡಿಸುವುದನ್ನು ನೋಡಲು ಕಂಪೌಂಡಿನ ಆಚೆ ಜನ ನಿಲ್ಲುತ್ತಿದ್ದರು. ನಿಂತರೆ ನಿಲ್ಲಲಿ ಎಂದು ಬಿಟ್ಟಿದ್ದೆ.

ಹುಡುಗರ ಶಾಲೆಯವರು ವರ್ಷಕ್ಕೊಮ್ಮೆ ಊರಾಚೆ ಡೇರೆ ಹಾಕಿ ಶಿಬಿರ ನಡೆಸುತ್ತಿದ್ದರು. ನಮ್ಮ ಹುಡುಗಿಯರಿಗೆ ಆ ಭಾಗ್ಯವಿರಲಿಲ್ಲ. ಮುಖ್ಯ ತೊಡಕು ಡೇರೆಯದೇ. ಆಗ ಸಿಗುತ್ತಿದ್ದವು ಮಿಲಿಟರಿಯವರು ಹರಾಜು ಹಾಕಿದ ದಪ್ಪ ಕ್ಯಾನ್ವಾಸಿನ ಡೇರೆಗಳು. ಒಂದನ್ನು ಸಾಗಿಸಲು ಚಕ್ಕಡಿ ಬೇಕು, ಎತ್ತಿ ನಿಲ್ಲಿಸಲು ಆರು ಗಂಡಾಳು ಬೇಕು. ಹೆಣ್ಣುಮಕ್ಕಳ ಶಿಬಿರದಲ್ಲಿ ಗಂಡಾಳುಗಳು ಇರಕೂಡದು ಎಂದು ಪಾಲಕರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾದರೆ ಹುಡುಗಿಯರೇ ಹೊತ್ತು ಹುಡುಗಿಯರೇ ಎತ್ತುವಂಥ ಡೇರೆ ಬೇಕು ಎಂದು ನಾನು ಹಟ ಹಿಡಿದೆ.

ಡೇರೆಯ ಆಕಾರ ಕಷ್ಟವಾಗಲಿಲ್ಲ. ಪುಣೆಯಲ್ಲಿ ಸಿಪಾಯಿಗಳು ಇಬ್ಬರಿಗೊಂದರಂತೆ ಹಾಕುವ ಸಣ್ಣ ಡೇರೆ ನೋಡಿದ್ದೆ. ಅರ್ಧರ್ಧ ಬಟ್ಟೆಯನ್ನು ಇಬ್ಬರೂ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ, ಬೇಕಾದಲ್ಲಿ ಗುಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಕಂಬಗಳಿಗೆ ನಮ್ಮ ಡ್ರಿಲ್ಲಿನ ಲಾಠಿಗಳೇ ಸಾಕು. ಕಷ್ಟವಿದ್ದದ್ದು ಬಟ್ಟೆಯದು. ತೆಳ್ಳಗಿರಬೇಕು, ಆದರೆ ಮಳೆ ತಡೆಯಬೇಕು.

ಅದಕ್ಕೆ ಉತ್ತರ ಸಿಕ್ಕಿದ್ದು ಮೋಟರ್ ಸ್ಟ್ಯಾಂಡಿನಲ್ಲಿ. ಆಗಿನ ಬಸ್ಸುಗಳ ಮುಂದೆ ಕುಡಿಯುವ ನೀರಿನ ಕ್ಯಾನ್ವಾಸ್ ಚೀಲ ತೂಗುಬಿಟ್ಟಿರುತ್ತಿತ್ತು. ಬಟ್ಟೆಯ ಚೀಲದಲ್ಲಿ ನೀರು ನಿಲ್ಲುವುದು ಹೇಗೆ ಎಂದು ಡ್ರೈವರನನ್ನು ಕೇಳಿದೆ. “ಹೊಸಾದಿದ್ದಾಗ ಎರಡ ದಿನ ಸೋರತೈತ್ರಿ. ಆಮ್ಯಾಲೆ ನೂಲು ಉಬ್ಬಿ ತಾನ ತೂತ ಮುಚಗೋತೈತಿ” ಎಂದ ಅವನು. ಹತ್ತಿಯ ನೂಲು ನೀರು ಕುಡಿದರೆ ಉಬ್ಬುತ್ತದೆ. ಒತ್ತಾಗಿ ನೇಯ್ದಿದ್ದರೆ ಉಬ್ಬಿದ ನೂಲುಗಳೇ ಸಂದು ಮುಚ್ಚುತ್ತವೆ. ನನಗೆ ಬೇಕಾದದ್ದು ಇಷ್ಟೇ ಆಗಿತ್ತು.

ಮುಂದಿನ ಭಾನುವಾರವೇ ಬನಹಟ್ಟಿಗೆ ಹೋದೆ. ಅಲ್ಲಿ ಓಣಿ ಓಣಿಗೂ ಮಗ್ಗ. ಸೀರೆ ನೇಯುವ ಸಂಗಪ್ಪನ ಮನೆಯಲ್ಲಿ ಕೂತು ನನ್ನ ಬೇಡಿಕೆ ಹೇಳಿದೆ. ಅವನು ನೂಲನ್ನು ಬೆರಳಲ್ಲಿ ಹೊಸೆಯುತ್ತ, “ಇಷ್ಟ ಒತ್ತಾಗಿ ನೇಯ್ದ್ರ ಗಾಳಿನೂ ದಾಟಾಂಗಿಲ್ರಿ ಅಕ್ಕೋರ” ಎಂದು ನಕ್ಕ. ನೀರೂ ದಾಟಬಾರದು ಎಂದೆ. ನೇಯುವಾಗ ಎಳೆ ಕಡಿಯದಿರಲೆಂದು ಉದ್ದ ನೂಲಿಗೆ ಗಂಜಿ ಹಾಕುವುದು ನೇಕಾರರ ಪದ್ಧತಿ. ಅದನ್ನು ನೇಯ್ದ ಮೇಲೆ ಪೂರ್ತಿ ತೊಳೆದು ಕೊಡಿ, ಇಲ್ಲದಿದ್ದರೆ ನೂಲು ಉಬ್ಬುವುದಿಲ್ಲ ಎಂದು ಎರಡೆರಡು ಸಲ ಹೇಳಿ ಬಂದೆ. ಗಂಜಿಯ ಕೆಲಸ ಅವನ ಹೆಂಡತಿ ಕಾಶವ್ವನದು. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಎರಡು ತಿಂಗಳಿಗೆ ಬಟ್ಟೆ ಬಂತು. ಎಂಥ ಬಟ್ಟೆ ಅಂತೀರಿ! ಇಸ್ತ್ರಿ ಮಾಡಿಟ್ಟ ಹಾಗೆ ಗರಿಗರಿ. ಇದಕ್ಕೆ ಗಂಜಿ ಇದೆ ಎಂದು ಕೈಗೆ ಗೊತ್ತಾಯಿತು, ಆದರೆ ಕಣ್ಣಿಗೆ ಅದು ಬಹಳ ಹಿಡಿಸಿಬಿಟ್ಟಿತ್ತು. ಡೇರೆಗಳನ್ನು ಹೊಲಿಸಿ, ಶಾಲೆಯ ಅಂಗಳದಲ್ಲಿ ಒಂದನ್ನು ನಿಲ್ಲಿಸಿ ಮೇಲೆ ಒಂದು ಕೊಡ ನೀರು ಸುರಿದೆವು. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಅಷ್ಟಕ್ಕೇ ನಾನು ಉಬ್ಬಿಹೋದೆ. ಆ ದಿನ ಉಬ್ಬಬೇಕಾದದ್ದು ನೂಲು, ನಾನಲ್ಲ.

ಇನ್ನುಳಿದದ್ದು ಪಾಲಕರ ಒಪ್ಪಿಗೆ. ಎಲ್ಲರೂ ಒಬ್ಬ ವಕೀಲರ ಮುಖ ನೋಡುತ್ತಿದ್ದರು. ಅವರ ಮಗಳು ಸುಶೀಲಾ ನಮ್ಮ ಹತ್ತನೆಯ ಇಯತ್ತೆಯವಳು, ಶಿಬಿರಕ್ಕಾಗಿ ಮನೆಯಲ್ಲಿ ಒಂದು ದಿನ ಊಟ ಬಿಟ್ಟವಳು. ವಕೀಲರು ಕೊನೆಗೆ ಹೇಳಿದರು: “ಮೂರನೇ ದಿನ ನಾನ ಬಂದು ನೋಡತೇನ್ರಿ. ಹುಡಿಗ್ಯಾರು ಡೇರ್ಯಾಗ ಸುರಕ್ಷಿತ ಇದ್ರ ಪ್ರತಿ ವರ್ಷಾ ನಡಸ್ರಿ. ಇಲ್ಲಂದ್ರ ಇದ ಮೊದಲನೇದು, ಇದ ಕಡೀದು.” ನಾನು ಒಪ್ಪಿಕೊಂಡೆ.

ದೀಪಾವಳಿ ರಜೆಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರೊಂದಿಗೆ ಬೀಳಗಿ ದಾಟಿ ಅನಗವಾಡಿಯ ಹೊಳೆದಂಡೆಗೆ ಹೋದೆವು. ಅಡುಗೆಗೂ ಹೊಲಿಗೆ ಬಿಚ್ಚಿದರೆ ಹಾಕುವುದಕ್ಕೂ ಕಾಶವ್ವ ಜೊತೆಗೆ ಬಂದಳು. ಬಸ್ ಇಳಿದ ಮೇಲೆ ಪ್ರತಿಯೊಬ್ಬಳೂ ತನ್ನ ಅರ್ಧ ಡೇರೆ ಬೆನ್ನಿಗೇರಿಸಿ, ಲಾಠಿ ಊರುತ್ತ ಹಾಡುತ್ತ ನಡೆದಳು. ಒಬ್ಬಳ ಹೊರೆ ಮೂರು ಪೌಂಡು. ಸೀಟಿ ಊದಿದ ಕಾಲು ಗಂಟೆಯಲ್ಲಿ ಹನ್ನೆರಡು ಡೇರೆ ಎದ್ದು ನಿಂತವು. ಆ ಸಾಲನ್ನು ನೋಡಿ ನನ್ನ ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಗುಂಡಿ ಹಾಕುತ್ತಿದ್ದ ಸುಶೀಲಾ, “ಅಕ್ಕೋರ, ಇದು ನಾವ ಕಟ್ಟಿದ ಮನಿ” ಎಂದಳು.

ಎರಡನೆಯ ದಿನ ಮಧ್ಯಾಹ್ನ ಊರಿನ ಎಮ್ಮೆಗಳು ಬಂದವು. ನೀರಿಗಿಳಿಯುವುದು ಬಿಟ್ಟು ನೆಟ್ಟಗೆ ಡೇರೆಗಳ ಬಳಿ ನಿಂತು ಬಟ್ಟೆ ನೆಕ್ಕತೊಡಗಿದವು. ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಎಮ್ಮೆ ಹೊಡೆದುಕೊಂಡು ಬಂದಿದ್ದ ಮುದುಕಿ, “ನಿಮ್ಮ ಡೇರಿ ಭಾಳ ರುಚಿ ಅದಾವ ಕಾಣತೈತ್ರಿ” ಎಂದಳು. ನಾನೂ ನಕ್ಕೆ. ಕಾಶವ್ವ ಮಾತ್ರ ನಗಲಿಲ್ಲ, ರೊಟ್ಟಿ ಬಡಿಯುವುದು ನಿಲ್ಲಿಸಿ ಎಮ್ಮೆಗಳನ್ನೇ ನೋಡುತ್ತಿದ್ದಳು.

ಸಂಜೆ ಐದಕ್ಕೆ ಹಿಂಗಾರಿನ ಮಳೆ ಹಿಡಿಯಿತು. ಮೊದಲ ಹತ್ತು ನಿಮಿಷ ಡೇರೆಗಳು ಗಟ್ಟಿಯಾಗಿ ನಿಂತವು. ಆಮೇಲೆ ಒಂದೊಂದರಿಂದಲೂ ಕಿರುಚಾಟ ಕೇಳಿತು. ಓಡಿ ನೋಡಿದರೆ ಒಳಗೆ ಬೆಳ್ಳನೆಯ ಅಂಟು ನೀರು ತೊಟ್ಟಿಕ್ಕುತ್ತಿದೆ. ಜಡೆಗೆ ಗಂಜಿ, ಹಾಸಿಗೆಗೆ ಗಂಜಿ, ಮೂಗಿನ ತುದಿಗೂ ಗಂಜಿ. ಎಲ್ಲರನ್ನೂ ಊರ ಶಾಲೆಯ ಕೋಣೆಗೆ ಓಡಿಸಿದೆ. ಹುಡುಗಿಯರಿಗೆ ಅದೂ ಮೋಜೇ. ಆದರೆ ಮರುದಿನವೇ ವಕೀಲರು ಬರುವವರಿದ್ದರು.

ಕಾಶವ್ವ ತಾನೇ ಬಂದು ಎದುರು ಕೂತಳು.

“ತಪ್ಪ ನಂದೈತ್ರಿ ಅಕ್ಕೋರ. ನಮ್ಮ ಮನಿಯವ್ರು ತೊಳೀ ಅಂದ್ರು. ಗಂಜಿ ತೊಳದ್ರ ಅರಬಿ ಹಳೇ ಧೋತರದಂಗ ಜೋತು ಬೀಳತೈತ್ರಿ. ಅಂಥಾದ್ನ ಸಾಲಿಗೆ ಕೊಟ್ಟು ಓಣ್ಯಾಗ ಹೆಂಗ ಮಾರಿ ತೋರಸ್ಲಿ? ಅದಕ ತೊಳೀಲಾರದ ಮ್ಯಾಲ ಇನ್ನೊಂದ ಸಲ ಗಂಜಿ ಹಾಕೀನ್ರಿ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬನಹಟ್ಟಿಯಲ್ಲಿ ಗಂಜಿಯಿಲ್ಲದ ಬಟ್ಟೆ ಕೊಡುವುದೆಂದರೆ ಮನೆತನದ ಮಾನ ಕೊಟ್ಟಂತೆ. ಆ ಗರಿಗರಿಗೆ ಮರುಳಾಗಿ ಒಂದೇ ಕೊಡ ನೀರಿಗೆ ತೃಪ್ತಳಾದವಳು ನಾನು. ಸಂದು ಮುಚ್ಚಿದ್ದು ಗಂಜಿ. ಮಳೆಗೆ ಅದು ಕರಗಿತು, ಅಷ್ಟೇ. “ಕಾಶವ್ವ, ನಾಳೆ ಎಲ್ಲಾ ಡೇರಿ ತೊಳೆಯೋಣ” ಎಂದೆ.

ಮುಂಜಾನೆ ಮೋಡ ಚದುರಿತ್ತು. ಇಪ್ಪತ್ತನಾಲ್ಕು ಹುಡುಗಿಯರು ಹೊಳೆಗಿಳಿದು ಡೇರೆಗಳನ್ನು ಬಂಡೆಗೆ ಸೆಳೆಸೆಳೆದು ಒಗೆದರು. ನೀರು ಹಾಲಾಗಿ ಹರಿಯಿತು. ಅದು ತಿಳಿಯಾಗುವವರೆಗೆ ಕಾಶವ್ವ ಯಾರನ್ನೂ ದಡ ಹತ್ತಗೊಡಲಿಲ್ಲ. ಬಿಸಿಲಿಗೆ ಹರವಿ ಒಣಗಿಸಿ ಮತ್ತೆ ಎತ್ತಿದಾಗ ಡೇರೆಗಳು ಆರು ಇಂಚು ಕುಗ್ಗಿದ್ದವು, ಅಂದ ಪೂರ್ತಿ ಹೋಗಿತ್ತು. ಉದ್ದನೆಯ ಸುಶೀಲಾ ಒಳಗೆ ಮಲಗಿದರೆ ಪಾದ ಹೊರಗೆ ಬರುತ್ತಿತ್ತು. ಆದರೆ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದೂ ತೂತು ಕಾಣಲಿಲ್ಲ.

ಮಧ್ಯಾಹ್ನ ವಕೀಲರು ಕರಿ ಕೋಟು, ತಲೆಗೆ ಸುತ್ತಿದ ರುಮಾಲು, ಕೊಡೆ ಸಮೇತ ಬಂದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಈಗ ಸೋರುವುದಿಲ್ಲ, ಬೇಕಾದರೆ ಒಂದು ಕೊಡ ಸುರಿದು ತೋರಿಸುತ್ತೇನೆ ಎಂದೆ.

“ಒಂದ ಕೊಡ ನೀರು ಸಾಕ್ಷಿ ಆಗೂದಿಲ್ರಿ ಅಕ್ಕೋರ. ನಿನ್ನೀದೂ ಅದ ಸಾಕ್ಷಿ ಮ್ಯಾಲ ನಡದಿತ್ತಲ್ಲ?”

ಸುಶೀಲಾ ಮುಂದೆ ಬಂದಳು. “ಅಪ್ಪಾ, ನೀವ ಒಳಗ ಕೂಡ್ರಿ. ಅರ್ಧ ತಾಸು ನಾವು ನೀರು ಹಾಕತೇವಿ. ಸೋರಿದ್ರ ಎಲ್ಲಾರೂ ಇವತ್ತ ಮನಿಗೆ ಬರತೇವಿ.”

ವಕೀಲರು ಚಪ್ಪಲಿ ಬಿಟ್ಟು, ಕೋಟಿನ ಗುಂಡಿ ಹಾಕಿಕೊಂಡು ಡೇರೆಯೊಳಗೆ ಪದ್ಮಾಸನ ಹಾಕಿದರು. ಹೊಳೆಯಿಂದ ಡೇರೆಯವರೆಗೆ ಹುಡುಗಿಯರು ಸಾಲಾಗಿ ನಿಂತು ಕೊಡ ದಾಟಿಸಿದರು. ನಾನು ಗಡಿಯಾರ ಹಿಡಿದು ನಿಂತೆ. ಕಾಶವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಮೊದಲು ಸಣ್ಣ ತುಂತುರು ಒಳಗಿಳಿಯಿತು. ಕೆಲವು ನಿಮಿಷಕ್ಕೆ ನೂಲು ಉಬ್ಬಿರಬೇಕು, ಅದೂ ನಿಂತಿತು. ಮುಂದೆ ನೀರು ಬಟ್ಟೆಯ ಮೇಲೆಯೇ ಜಾರಿ ಮರಳಿಗೆ ಹೋಯಿತು.

ಹದಿನೈದು ನಿಮಿಷ ಆಗಿರಬಹುದು. “ಇಲ್ಲಿ ಸೋರಾಕತ್ತೈತ್ರಿ” ಎಂದು ಒಳಗಿಂದ ಕೂಗು ಬಂತು. ನಾನು ಬಗ್ಗಿ ನೋಡಿದೆ. ವಕೀಲರ ರುಮಾಲಿನ ತುದಿ ಬಟ್ಟೆಗೆ ತಾಗಿತ್ತು, ನೀರು ಆ ಒಂದೇ ಕಡೆಯಿಂದ ಇಳಿಯುತ್ತಿತ್ತು. ತೊಯ್ದ ಬಟ್ಟೆಗೆ ಒಳಗಿನಿಂದ ಏನಾದರೂ ತಾಗಿದರೆ ನೀರು ಅದರ ಗುಂಟ ಇಳಿಯುತ್ತದೆ. “ತಲಿ ಬಗ್ಗಸ್ರಿ ಸಾಹೇಬ್ರ” ಎಂದಳು ಕಾಶವ್ವ. ಕೋರ್ಟಿನಲ್ಲಿ ಯಾರಿಗೂ ಬಗ್ಗದ ತಲೆ ಬಗ್ಗಿತು. ಸೋರುವುದು ನಿಧಾನಕ್ಕೆ ನಿಂತಿತು.

ಅರ್ಧ ತಾಸಿಗೆ ಅವರು ಹೊರಗೆ ಬಂದು ಕೋಟು ಮುಟ್ಟಿ ನೋಡಿಕೊಂಡರು, ರುಮಾಲು ಬಿಚ್ಚಿ ಹಿಂಡಿದರು. “ಡೇರಿ ನಿರ್ದೋಷಿ. ತಪ್ಪು ರುಮಾಲಿಂದು” ಎಂದರು. ಹುಡುಗಿಯರ ಕೇಕೆಗೆ ಆಚೆ ದಂಡೆಯವರು ತಿರುಗಿ ನೋಡಿದರು. ಕಾಶವ್ವ ಅಳುತ್ತಲೂ ನಗುತ್ತಲೂ ಇದ್ದಳು. ವಕೀಲರು ಆ ದಿನ ನಮ್ಮೊಡನೆ ರೊಟ್ಟಿ ಉಂಡೇ ಹೋದರು.

ಶಿಬಿರ ನಾನು ನಿವೃತ್ತಳಾಗುವವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಮರುವರ್ಷದ ಹೊಸ ಬಟ್ಟೆಯನ್ನು ಕಾಶವ್ವ ತೊಳೆದೇ ತಂದಳು, ಆದರೆ ಓಣಿಯವರಿಗೆ ಕಾಣದಂತೆ ಗರಿಗರಿ ಸೀರೆಯೊಂದರಲ್ಲಿ ಸುತ್ತಿಕೊಂಡು. ಮೂರನೆಯ ವರ್ಷ ಹೆಗಲ ಮೇಲೆ ಹಾಗೇ ಹೊತ್ತು, ನಡುಬೀದಿಯಲ್ಲಿ ಬಂದಳು. ಕೇಳಿದವರಿಗೆ, “ಇದು ಮಳಿ ಅರಬಿ, ಇದರಾಗಿನ ಮಾನ ಒಳಗಿರತೈತಿ” ಎನ್ನುತ್ತಿದ್ದಳಂತೆ.

ಸಾಮಾನು ಚೆಂದ ಕಂಡಾಗಲೇ ಹೆಚ್ಚು ಅನುಮಾನಪಡಬೇಕು, ಹೊರುವವರು ಯಾರೆಂದು ಮೊದಲು ಕೇಳಬೇಕು, ಒಂದು ಕೊಡ ನೀರನ್ನು ಮಳೆ ಎಂದು ತಿಳಿಯಬಾರದು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಹೋದ ವರ್ಷ ಸುಶೀಲಾ ಮೊಮ್ಮಗಳೊಂದಿಗೆ ಬಂದಿದ್ದಳು. ತಂದದ್ದು ನೈಲಾನಿನ ಡೇರೆ; ಮುಷ್ಟಿಯಷ್ಟು ಗಂಟು, ಕೊಡವಿದರೆ ಮನೆ. ಅಂಗಳದಲ್ಲಿ ನಿಲ್ಲಿಸಿ, “ಅಕ್ಕೋರ, ಒಳಗ ಕೂಡ್ರಿ, ಅರ್ಧ ತಾಸು” ಎಂದಳು. ಅಜ್ಜಿ ಮೊಮ್ಮಗಳು ಕೂಡಿ ಪೈಪಿನಿಂದ ನೀರು ಬಿಟ್ಟರು. ಇದು ಮುಟ್ಟಿದರೂ ಸೋರುವುದಿಲ್ಲ, ಆರಾಮಾಗಿ ಕೂಡ್ರಿ ಎಂದು ಹೊರಗಿನಿಂದ ಕೂಗಿ ಹೇಳಿದರು. ನಾನು ಅರ್ಧ ತಾಸೂ ತಲೆ ಬಗ್ಗಿಸಿಯೇ ಕೂತಿದ್ದೆ.